ಕೇಶಚಿಕಿತ್ಸೆಯೂ ಲಿಂಗಾಂಗಿಯ ವಿವೇಕವೂ

ಶಿವಶರಣರು ದೇಹವನ್ನು ಹಳಿಯಲಿಲ್ಲ, ದೇಹವನ್ನು ಮೆರೆಸಲೂ ಇಲ್ಲ. ಇವೆರಡರ ನಡುವಣ ಮಾರ್ಗವನ್ನು ಬಾಯಲ್ಲಿ ಹೇಳುವುದು ಸುಲಭ, ಕಾಲಲ್ಲಿ ನಡೆಯುವುದು ಕಷ್ಟ. ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳನ್ನು ವರ್ಷಗಟ್ಟಲೆ ಬೋಧಿಸಿದವನು ಕೂಡ ಸಂಸಾರದಲ್ಲಿ ಹುಟ್ಟುವ ಒಂದು ಸಣ್ಣ ಪ್ರಶ್ನೆಯ ಎದುರಿನಲ್ಲಿ ತಡವರಿಸಿ ನಿಲ್ಲುವುದುಂಟು. ಈ ಲೇಖಕನಿಗೆ ಅಂತಹ ಒಂದು ಪ್ರಸಂಗವು ಒದಗಿತು. ಅದನ್ನು ಮುಚ್ಚಿಡದೆ ವಾಚಕರ ಮುಂದಿಡುವುದೇ ಲೇಸೆಂದು ತೋರಿದುದರಿಂದ ಈ ಲೇಖನ.

ಕಳೆದ ಶ್ರಾವಣಮಾಸದಲ್ಲಿ ನಮ್ಮ ಮಠದ ಸಂಜೆಯ ಪ್ರವಚನದಲ್ಲಿ ದೇಹದ ಅನಿತ್ಯತೆಯನ್ನು ಕುರಿತು ನಾಲ್ಕು ಮಾತನಾಡುವ ಸರದಿ ನನ್ನದಾಗಿತ್ತು. ಮಾತಿನ ಭರದಲ್ಲಿ, ಈಗ ಪಟ್ಟಣಗಳಲ್ಲಿ ನಡೆಯುತ್ತಿರುವ ಒಂದು ಚಿಕಿತ್ಸೆಯನ್ನು ಹಾಸ್ಯಕ್ಕೆ ಎಳೆದೆನು. ತೋಳಿನಿಂದ ತಮ್ಮ ರಕ್ತವನ್ನೇ ತೆಗೆಸಿ, ಅದನ್ನು ಯಂತ್ರದಲ್ಲಿ ತಿರುಗಿಸಿ, ತಲೆಗೆ ನೂರು ಕಡೆ ಚುಚ್ಚಿಸಿಕೊಂಡು, ಉದುರಿಹೋದ ಕೂದಲಿಗೆ ಕಾಯುವವರ ಚಿತ್ರವನ್ನು ಬಣ್ಣಿಸಿದೆನು. ಸಭೆ ನಕ್ಕಿತು, ನಕ್ಕದ್ದು ನನಗೆ ಹಿತವೂ ಆಯಿತು. ಪ್ರಸಾದದ ಪಂಕ್ತಿ ಮುಗಿದ ಮೇಲೆ ಸುಮಾರು ಮೂವತ್ತೈದು ವಯಸ್ಸಿನ ತಾಯಿಯೊಬ್ಬಳು, ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಳ್ಳುತ್ತ ಬಂದು ನಿಂತಳು. ಆಕೆ ನಮ್ಮ ಮಠದ ಶಾಲೆಯಲ್ಲಿಯೇ ಓದಿದವಳು. "ಅಯ್ಯನವರೇ, ತಾವು ಈಗ ಹೇಳಿದ್ದು ನನ್ನನ್ನೇ" ಎಂದಳು.

ಆಕೆ ಹೇಳಿದ ಸಂಗತಿ ಇಷ್ಟು. ಎರಡನೆಯ ಹೆರಿಗೆಯ ನಂತರ ಉದುರಿದ ಕೂದಲು ಮರಳಿ ತುಂಬಲಿಲ್ಲ. ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಬಂದಿತು. ಮನೆಯಲ್ಲಿ ಮಾತುಗಳು ಬಂದವು, ಮದುವೆ ಮುಂಜಿಗಳಲ್ಲಿ ನೋಟಗಳು ಬಂದವು. ಆಕೆ ಮೆಲ್ಲಮೆಲ್ಲನೆ ಎಲ್ಲಿಗೂ ಹೋಗುವುದನ್ನು ಬಿಟ್ಟಳು. ಹೊಲಿಗೆಯ ಕಾಯಕದಿಂದ ಉಳಿಸಿದ ಹಣದಲ್ಲಿ ಈ ಚಿಕಿತ್ಸೆಯನ್ನು ಎರಡು ಸಲ ಮಾಡಿಸಿಕೊಂಡಿದ್ದಾಳೆ. ಕೊನೆಯಲ್ಲಿ ಆಕೆ ಕೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತರೆ ಕಳ್ಳಿಯಂತೆ ಅನ್ನಿಸುತ್ತದೆ. ಇದನ್ನು ನಾನು ಲಿಂಗಕ್ಕೂ ಮುಚ್ಚಿಡಬೇಕೇ?"

ನನ್ನಲ್ಲಿ ಉತ್ತರವಿರಲಿಲ್ಲ. ಗುರುಗಳ ಗದ್ದುಗೆಗೆ ನಮಸ್ಕರಿಸಿ ಆಕೆ ಹೊರಟುಹೋದಳು. ಉತ್ತರವನ್ನು ಹುಡುಕಬೇಕಾದ ಭಾರ ನನ್ನ ಮೇಲೆ ಉಳಿಯಿತು.

ಹಾಸ್ಯ ಮಾಡುವ ಮೊದಲು ಮಾಡಬೇಕಾಗಿದ್ದ ಕೆಲಸವನ್ನು ಆಮೇಲೆ ಮಾಡಿದೆನು. ಎಂದರೆ ಆ ಚಿಕಿತ್ಸೆಯು ಏನೆಂಬುದನ್ನು ತಿಳಿದವರಿಂದ ಕೇಳಿ ಅರಿತೆನು. ಧರ್ಮವಿಚಾರಕ್ಕೆ ವಸ್ತುಜ್ಞಾನವು ಮೊದಲ ಮೆಟ್ಟಿಲು. ಆದುದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ಹೇಳುವುದು ಅವಶ್ಯ.

ಮನುಷ್ಯನ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಒಂದೊಂದು ಕೂದಲೂ ಎರಡರಿಂದ ಆರು ವರ್ಷಗಳವರೆಗೆ ಬೆಳೆದು, ಕೆಲವು ವಾರ ಕುಗ್ಗಿ, ಮೂರು ತಿಂಗಳಷ್ಟು ವಿಶ್ರಮಿಸಿ, ಬಿದ್ದುಹೋಗುತ್ತದೆ. ಅದೇ ಬೇರಿನಿಂದ ಹೊಸದು ಹುಟ್ಟುತ್ತದೆ. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಆರೋಗ್ಯವಂತರಲ್ಲಿಯೂ ಉಂಟು. ವಂಶಾನುಗತವಾದ ಬೋಳುತನದಲ್ಲಿ ಬೇರುಗಳು ಒಮ್ಮೆಲೇ ಸಾಯುವುದಿಲ್ಲ. ಹುಟ್ಟಿದ ಪ್ರತಿ ಸಲವೂ ಕೂದಲು ಹಿಂದಿನದಕ್ಕಿಂತ ಸಣ್ಣದಾಗಿ, ಮೋಟಾಗಿ, ಕಡೆಗೆ ರೋಮದಷ್ಟಾಗುತ್ತದೆ. ಗಂಡಸರಲ್ಲಿ ಇದಕ್ಕೆ ಪುರುಷ ಹಾರ್ಮೋನಿನ ಸಂಬಂಧವಿದೆಯೆಂಬುದನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಎಂಬ ವಿದ್ವಾಂಸರು 1942ರಲ್ಲಿ ತೋರಿಸಿಕೊಟ್ಟರು. ಗಂಡಸರಲ್ಲಿ ನೆತ್ತಿ ಮತ್ತು ಹಣೆಯ ಮೂಲೆಗಳು ಬರಿದಾಗುತ್ತವೆ. ಹೆಂಗಸರಲ್ಲಿ ಬೈತಲೆ ಅಗಲವಾಗುತ್ತದೆ.

ರಕ್ತದಲ್ಲಿ ಕೆಂಪು ಕಣ, ಬಿಳಿಯ ಕಣಗಳಲ್ಲದೆ ಪ್ಲೇಟ್‌ಲೆಟ್ ಎಂಬ ಅತಿ ಕಿರಿದಾದ ಬಿಲ್ಲೆಗಳಿವೆ. ಇವು ಗಾಯದ ಬಾಯಿಯನ್ನು ಕಟ್ಟುವ ಕೆಲಸ ಮಾಡುತ್ತವೆಂಬುದನ್ನು ಇಟಲಿಯ ಬಿಜೊಜೆರೊ 1882ರಲ್ಲಿ ವಿವರಿಸಿದರು. ಒಂದು ಮೈಕ್ರೋಲೀಟರು ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಬಿಲ್ಲೆಗಳಿದ್ದು, ಒಂದೊಂದರ ಆಯುಷ್ಯವೂ ಏಳರಿಂದ ಹತ್ತು ದಿವಸ. ಅವುಗಳ ಒಡಲಿನಲ್ಲಿ ಅಂಗಾಂಶವನ್ನು ಬೆಳೆಸುವ, ಹೊಸ ರಕ್ತನಾಳಗಳನ್ನು ಚಿಗುರಿಸುವ ಅಂಶಗಳು ಅಡಗಿವೆ. ಗಾಯವು ಮಾಯುವುದು ಇವುಗಳ ನೆರವಿನಿಂದ. ಈ ಗುಣವನ್ನೇ ಬಳಸಿಕೊಂಡು ರಾಬರ್ಟ್ ಮಾರ್ಕ್ಸ್ ಮತ್ತು ಅವರ ಸಂಗಡಿಗರು 1998ರಲ್ಲಿ ದವಡೆಯ ಮೂಳೆಯ ಕಸಿಗೆ ಪ್ಲೇಟ್‌ಲೆಟ್‌ಭರಿತ ಪ್ಲಾಸ್ಮಾವನ್ನು ಸೇರಿಸಿ ಫಲವನ್ನು ಪ್ರಕಟಿಸಿದರು. 2006ರಲ್ಲಿ ಬ್ರೆಜಿಲ್ ದೇಶದ ಕಾರ್ಲೋಸ್ ಊಬೆಲ್ ಮತ್ತು ಅವರ ಸಂಗಡಿಗರು ಕೂದಲಿನ ಕಸಿಯಲ್ಲಿ ಅದನ್ನು ಉಪಯೋಗಿಸಿದ ವರದಿಯನ್ನು ಹೊರತಂದರು. ಅಲ್ಲಿಂದೀಚೆಗೆ ಇದು ಪಿ.ಆರ್.ಪಿ. ಎಂಬ ಹೆಸರಿನಿಂದ ನಮ್ಮ ಪಟ್ಟಣಗಳಿಗೂ ಬಂದಿದೆ.

ಕ್ರಮವು ಸರಳವಾದುದು. ರೋಗಿಯ ತೋಳಿನಿಂದ ಸ್ವಲ್ಪ ರಕ್ತವನ್ನು ತೆಗೆದು, ಹೆಪ್ಪುಗಟ್ಟದಂತೆ ಸಿಟ್ರೇಟ್ ಇರುವ ನಳಿಗೆಯಲ್ಲಿ ತುಂಬಿ, ಯಂತ್ರದಲ್ಲಿ ವೇಗವಾಗಿ ತಿರುಗಿಸುತ್ತಾರೆ. ಮಜ್ಜಿಗೆಯನ್ನು ಕಡೆದಾಗ ಬೆಣ್ಣೆ ಬೇರೆಯಾಗುವಂತೆ ಭಾರವಾದ ಕೆಂಪು ಕಣಗಳು ತಳಕ್ಕೂ, ಹೊಂಬಣ್ಣದ ಪ್ಲಾಸ್ಮಾ ಮೇಲಕ್ಕೂ ಬೇರ್ಪಡುತ್ತವೆ. ಬಿಲ್ಲೆಗಳು ಮೂರರಿಂದ ಐದು ಪಟ್ಟು ಸಾಂದ್ರವಾಗಿರುವ ಭಾಗವನ್ನು ಹೀರಿ, ಕೂದಲು ತೆಳುವಾದ ಕಡೆ ಸುಮಾರು ಒಂದೊಂದು ಸೆಂಟಿಮೀಟರು ಅಂತರದಲ್ಲಿ ಸೂಜಿಯಿಂದ ಸೇರಿಸುತ್ತಾರೆ. ತಿಂಗಳಿಗೊಮ್ಮೆಯಂತೆ ಮೂರು ನಾಲ್ಕು ಸಲ, ಆಮೇಲೆ ಆರು ತಿಂಗಳಿಗೊ ವರ್ಷಕ್ಕೊ ಒಮ್ಮೆ ಮಾಡುವುದು ವಾಡಿಕೆ. ಪ್ರತಿ ಸಲಕ್ಕೂ ಸಾವಿರಾರು ರೂಪಾಯಿ ಬೀಳುತ್ತದೆ.

ಫಲವೇನು? ಬೇರು ಜೀವಂತವಾಗಿದ್ದು ಕೂದಲು ತೆಳುವಾಗಿರುವವರಲ್ಲಿ, ಕೂದಲಿನ ಸಾಂದ್ರತೆ ಹೆಚ್ಚಿತೆಂದು ಹಲವು ಸಣ್ಣ ಪರೀಕ್ಷೆಗಳು ತೋರಿಸಿವೆ. ಆದರೆ ಒಬ್ಬರು ತಯಾರಿಸುವ ಕ್ರಮ ಮತ್ತೊಬ್ಬರದರಂತಿಲ್ಲವಾದುದರಿಂದ ಫಲವೂ ಒಂದೇ ಸಮನಾಗಿಲ್ಲ. ನುಣ್ಣಗೆ ಬೋಳಾಗಿ ಬೇರೇ ಅಳಿದ ತಲೆಯಲ್ಲಿ ಇದರಿಂದ ಕೂದಲು ಬರುವ ಭರವಸೆಯಿಲ್ಲ. ಚಿಕಿತ್ಸೆಯನ್ನು ಬಿಟ್ಟರೆ ಬಂದದ್ದು ಕ್ರಮೇಣ ಹೋಗುವುದುಂಟು. ಅಮೆರಿಕದ ಔಷಧ ಆಡಳಿತವು ಮೈನಾಕ್ಸಿಡಿಲ್ ಎಂಬ ಲೇಪಕ್ಕೆ 1988ರಲ್ಲಿಯೂ, ಗಂಡಸರಿಗಾಗಿ ಫಿನಾಸ್ಟರೈಡ್ ಎಂಬ ಗುಳಿಗೆಗೆ 1997ರಲ್ಲಿಯೂ ಕೂದಲಿನ ವಿಷಯದಲ್ಲಿ ಒಪ್ಪಿಗೆ ಕೊಟ್ಟಿದೆ, ಪಿ.ಆರ್.ಪಿ.ಗೆ ಅಂತಹ ಒಪ್ಪಿಗೆಯನ್ನು ಕೊಟ್ಟಿಲ್ಲ. ಇಷ್ಟನ್ನು ಅರಿತ ಮೇಲೆ, ಇದು ಮೋಸವೆಂದು ತಳ್ಳುವುದೂ ಪವಾಡವೆಂದು ಹೊಗಳುವುದೂ ಎರಡೂ ತಪ್ಪೆಂದು ಮನದಟ್ಟಾಯಿತು.

ಸಂಸ್ಕೃತವನ್ನು ಓದಿದವರಿಗೆ ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. ನಮ್ಮ ಆಯುರ್ವೇದವು ಈ ವ್ಯಾಧಿಯನ್ನು ಖಾಲಿತ್ಯ, ಇಂದ್ರಲುಪ್ತ ಎಂಬ ಹೆಸರುಗಳಿಂದ ಬಲ್ಲದು. ವಾತದೊಡನೆ ಕೂಡಿದ ಪಿತ್ತವು ರೋಮಕೂಪಗಳಿಂದ ಕೂದಲನ್ನು ಕೆಡಹುತ್ತದೆಂದೂ, ಆಮೇಲೆ ಕಫವೂ ರಕ್ತವೂ ಆ ಕೂಪಗಳನ್ನು ಮುಚ್ಚುವುದರಿಂದ ಹೊಸ ಕೂದಲು ಹುಟ್ಟದೆಂದೂ ಸುಶ್ರುತಾಚಾರ್ಯರು ನಿರೂಪಿಸಿದ್ದಾರೆ. ಅದಕ್ಕೆ ಅವರು ವಿಧಿಸಿದ ಚಿಕಿತ್ಸೆಗಳಲ್ಲಿ ತಲೆಯ ಸಿರೆಯಿಂದ ರಕ್ತವನ್ನು ಬಿಡಿಸುವುದೂ, ಚರ್ಮವನ್ನು ಗೀರಿ ಗುಲಗಂಜಿಯ ಲೇಪವನ್ನು ಹಾಕುವುದೂ ಇವೆ. ಹಳೆಯ ವೈದ್ಯನು ರಕ್ತವನ್ನು ಹೊರಕ್ಕೆ ಬಿಟ್ಟನು, ಹೊಸ ವೈದ್ಯನು ಸೋಸಿ ಒಳಕ್ಕೆ ಬಿಡುತ್ತಾನೆ. ಎರಡೂ ಒಂದೇ ಎಂದು ಹೇಳುವುದು ಪಾಂಡಿತ್ಯದ ಅಹಂಕಾರವಾದೀತು. ನಾನು ಹೇಳುವುದಿಷ್ಟೆ: ಋಷಿಸಮಾನರಾದ ಆ ಆಚಾರ್ಯರು ಬೋಳುತಲೆಯವನ ದುಃಖವನ್ನು ಕಂಡು ನಗಲಿಲ್ಲ, ಅದನ್ನು ರೋಗಗಳ ಸಾಲಿನಲ್ಲಿ ಸೇರಿಸಿ ಮದ್ದು ಹುಡುಕಿದರು.

ಇನ್ನು ಧರ್ಮವಿಚಾರಕ್ಕೆ ಬರೋಣ. ಇಂತಹ ಚಿಕಿತ್ಸೆಯು ಲಿಂಗವಂತನಿಗೆ ತಕ್ಕುದೇ ಎಂಬುದು ಪ್ರಶ್ನೆ. ತಕ್ಕುದಲ್ಲವೆಂಬ ಪೂರ್ವಪಕ್ಷಕ್ಕೆ ಮೂರು ಮುಖಗಳಿವೆ.

ಮೊದಲನೆಯದು: ದೇಹವೇ ಅನಿತ್ಯ, ಅದರಲ್ಲಿಯೂ ಕೂದಲು ಮಲಸ್ವರೂಪವಾದುದು. ಅಸ್ಥಿಧಾತುವಿನ ಮಲವೇ ಕೇಶವೆಂದು ವೈದ್ಯಶಾಸ್ತ್ರವೇ ಹೇಳುತ್ತದೆ. ಮಲವನ್ನು ಉಳಿಸಿಕೊಳ್ಳಲು ಇಷ್ಟು ಪ್ರಯಾಸವೇಕೆ? ನಾನು ಸಭೆಯಲ್ಲಿ ಹೇಳಿದ್ದು ಈ ವಾದವನ್ನೇ. ಇದಕ್ಕೆ ಸಮಾಧಾನವು ಬಸವಣ್ಣನವರ ಬೋಧೆಯಲ್ಲಿದೆ. ಅವರು ಶರೀರವನ್ನು ದೇವಾಲಯವೆಂದು ಭಾವಿಸಿದರು. ದೇವಾಲಯದ ಗೋಪುರದಲ್ಲಿ ಹುಲ್ಲು ಹುಟ್ಟಿದರೆ ಕೀಳುವುದೂ, ಗಾರೆ ಉದುರಿದರೆ ಮೆತ್ತುವುದೂ ಗರ್ಭಗುಡಿಗೆ ಅಪಚಾರವಾಗಲಾರದು. ಕಣ್ಣು ಮಂಜಾದವರು ಕನ್ನಡಕವನ್ನು ಹಾಕಿಕೊಳ್ಳುತ್ತಾರೆ, ಹಲ್ಲು ಬಿದ್ದವರು ಹಲ್ಲು ಕಟ್ಟಿಸಿಕೊಳ್ಳುತ್ತಾರೆ. ನಾವು ಯಾರೂ ಅವರನ್ನು ದೇಹಮೋಹಿಗಳೆನ್ನುವುದಿಲ್ಲ. ಕನ್ನಡಕದಿಂದ ಓದುವುದಕ್ಕಾಗುತ್ತದೆ, ಹಲ್ಲಿನಿಂದ ತಿನ್ನುವುದಕ್ಕಾಗುತ್ತದೆ, ಕೂದಲಿನಿಂದ ಏನಾಗುತ್ತದೆ ಎಂದು ಕೇಳಬಹುದು. ನಾಲ್ಕು ಜನರ ನಡುವೆ ತಲೆ ಎತ್ತಿ ಕುಳಿತುಕೊಳ್ಳುವುದಕ್ಕಾಗುತ್ತದೆ ಎಂಬುದು ಆ ತಾಯಿಯ ಉತ್ತರ. ಅದು ಸಣ್ಣ ಪ್ರಯೋಜನವೆಂದು ಹೇಳುವ ಅಧಿಕಾರ ನನಗಿಲ್ಲ.

ಈ ಸಂದರ್ಭದಲ್ಲಿ ಮಹಾದೇವಿಯಕ್ಕನ ಕಥೆಯನ್ನು ನೆನೆಯದಿರಲು ಸಾಧ್ಯವಿಲ್ಲ. ಉಟ್ಟುದನ್ನೆಲ್ಲ ಬಿಟ್ಟು ಕಲ್ಯಾಣಕ್ಕೆ ಬಂದ ಆ ಮಹಾತಾಯಿಯು ತನ್ನ ಮೈಯನ್ನು ಕೂದಲಿನಿಂದ ಮರೆಮಾಡಿಕೊಂಡಿದ್ದಳು. ಎಲ್ಲವನ್ನೂ ತೊರೆದವಳಿಗೆ ಈ ಮರೆಯೇಕೆಂದು ಅಲ್ಲಮಪ್ರಭುಗಳು ಪರೀಕ್ಷಿಸಿದರು. ನೋಡುವವರ ಮನಸ್ಸಿಗೆ ನೋವಾಗದಿರಲೆಂದು ಎಂಬ ಭಾವದ ಉತ್ತರವನ್ನು ಅಕ್ಕನು ಕೊಟ್ಟಳೆಂಬುದು ಶೂನ್ಯಸಂಪಾದನೆಯನ್ನು ಓದಿದವರಿಗೆ ತಿಳಿದ ವಿಷಯ. ಗಮನಿಸಬೇಕಾದುದೇನೆಂದರೆ, ವೈರಾಗ್ಯದ ಶಿಖರದಲ್ಲಿ ನಿಂತವಳೂ ಲೋಕದ ಕಣ್ಣೊಂದಿದೆಯೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಳು. ಹಾಗಿರುವಲ್ಲಿ, ಸಂಸಾರದ ನಡುವೆ ಅತ್ತೆ, ನಾದಿನಿ, ನೆರೆಹೊರೆಯವರ ಕಣ್ಣುಗಳಲ್ಲಿ ದಿನವೂ ಬದುಕಬೇಕಾದ ಗೃಹಿಣಿಗೆ ಲೋಕದ ಕಣ್ಣೇ ಇಲ್ಲವೆಂದುಕೊಳ್ಳಬೇಕೆಂದು ವಿಧಿಸುವುದು ನಿಷ್ಕರುಣೆಯಾಗುತ್ತದೆ.

ಎರಡನೆಯ ಮುಖ: ರಕ್ತವು ಅಶುಚಿ, ಹೊರಬಂದ ರಕ್ತವನ್ನು ಲಿಂಗಾಂಗಕ್ಕೆ ಮತ್ತೆ ಸೇರಿಸುವುದು ಆಚಾರಕ್ಕೆ ಕುಂದು ಎಂಬುದು. ಈ ಶಂಕೆಯನ್ನು ಕೆಲವು ಹಿರಿಯರು ನನ್ನೊಡನೆ ಆಡಿದರು. ನಮ್ಮ ಧರ್ಮವು ಪಂಚಸೂತಕಗಳನ್ನು ಎಂದೋ ಕಳೆದ ಧರ್ಮ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಇವುಗಳ ಸೂತಕವು ಲಿಂಗವನ್ನು ಧರಿಸಿದವರಿಗೆ ಇಲ್ಲ. ಹೆರಿಗೆಯ ರಕ್ತವೇ ಲಿಂಗಪೂಜೆಗೆ ಅಡ್ಡಿಯಾಗದೆಂದು ಸಾರಿದವರು, ಅರ್ಧ ಗಂಟೆ ಗಾಜಿನ ನಳಿಗೆಯಲ್ಲಿದ್ದು ಬಂದ ತಮ್ಮದೇ ರಕ್ತಕ್ಕೆ ಸೂತಕವನ್ನು ಹಚ್ಚುವುದು ಹೇಗೆ? ಇದರಲ್ಲಿ ಪರಪ್ರಾಣಿಯ ಹಿಂಸೆಯೂ ಇಲ್ಲ. ಚಿಕಿತ್ಸೆಯು ತಲೆಗೆ ಮಾತ್ರ ಸಂಬಂಧಿಸಿದ್ದರಿಂದ ಎದೆಯ ಮೇಲಿನ ಇಷ್ಟಲಿಂಗವನ್ನು ತೆಗೆದಿಡಬೇಕಾದ ಕಾರಣವಿಲ್ಲ. ಅದನ್ನು ವೈದ್ಯರಿಗೆ ಮೊದಲೇ ವಿನಯದಿಂದ ತಿಳಿಸಿದರೆ ಸಾಕು. ಆ ದಿನ ತಲೆಗೆ ನೀರು ಹಾಕಬಾರದೆಂದು ವೈದ್ಯರು ಹೇಳಿದರೆ ಮೈಸ್ನಾನ ಮಾಡಿ ಪೂಜೆಗೆ ಕುಳಿತುಕೊಳ್ಳಬಹುದು. ಸೂಜಿಯ ಗಾಯ ಹಸಿಯಾಗಿರುವಾಗ ನೆತ್ತಿಗೆ ವಿಭೂತಿಯನ್ನು ಉದ್ಧೂಳನ ಮಾಡದೆ ಹಣೆಯಲ್ಲಿ ಮಾತ್ರ ಧರಿಸುವುದು ವಿವೇಕ. ಮನಸ್ಸು ಶುಚಿಯಾಗಿದ್ದರೆ ಪೂಜೆಗೆ ಲೋಪವಿಲ್ಲ.

ಮೂರನೆಯ ಮುಖ: ಶಿವನು ಕೊಟ್ಟದ್ದನ್ನು ಕೊಟ್ಟಂತೆ ಸ್ವೀಕರಿಸುವುದೇ ಪ್ರಸಾದಬುದ್ಧಿ, ಅದನ್ನು ಬದಲಿಸಹೊರಡುವುದು ಶಿವನಿಗೆ ಎದುರಾಡಿದಂತೆ ಎಂಬುದು. ಮೇಲ್ನೋಟಕ್ಕೆ ಇದು ಭಕ್ತಿಯಂತೆ ಕಾಣುತ್ತದೆ. ಆದರೆ ಜ್ವರ ಬಂದರೆ ಕಷಾಯವನ್ನು ಕುಡಿಯುವವನು ಈ ವಾದವನ್ನು ಹೂಡಲಾರನು. ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ವೈದ್ಯವೇ ಅವನ ಕಾಯಕ. ರೋಗವನ್ನು ಕಳೆಯುವುದು ಶಿವದ್ರೋಹವಾಗಿದ್ದರೆ ಅವನ ಕಾಯಕಕ್ಕೆ ಶರಣರ ನಡುವೆ ಸ್ಥಾನ ದೊರೆಯುತ್ತಿರಲಿಲ್ಲ. ಪ್ರಸಾದಬುದ್ಧಿಯು ಫಲವನ್ನು ಸ್ವೀಕರಿಸುವ ಬಗೆಗೆ ಸಂಬಂಧಿಸಿದ್ದು. ಪ್ರಯತ್ನವನ್ನು ಮಾಡಿ, ಬಂದದ್ದನ್ನು ಬಂದಂತೆ ಸ್ವೀಕರಿಸುವುದು ಪ್ರಸಾದಿಯ ಲಕ್ಷಣ. ಕೂದಲು ಬಂದರೆ ಅದೂ ಪ್ರಸಾದ, ಬಾರದಿದ್ದರೆ ಆ ಬರಿತಲೆಯೂ ಪ್ರಸಾದ.

ಹೀಗೆಂದ ಮಾತ್ರಕ್ಕೆ ಈ ಚಿಕಿತ್ಸೆಗೆ ಓಡುವವರೆಲ್ಲರೂ ಧರ್ಮದಲ್ಲಿದ್ದಾರೆಂದು ಹೇಳಲಾಗದು. ಎದುರು ಕಡೆಯ ಪೂರ್ವಪಕ್ಷವೂ ಒಂದಿದೆ: "ತಲೆ ನನ್ನದು, ರಕ್ತ ನನ್ನದು, ಹಣ ನನ್ನದು, ಕೇಳಲು ಧರ್ಮಕ್ಕೇನು ಕೆಲಸ?" ಈ ಕಾಲದ ತರುಣರಲ್ಲಿ ಇದು ಸಾಮಾನ್ಯ. ತನು, ಮನ, ಧನಗಳನ್ನು ಗುರು ಲಿಂಗ ಜಂಗಮಕ್ಕೆ ಸವೆಸುವ ತ್ರಿವಿಧ ದಾಸೋಹವನ್ನು ಒಪ್ಪಿ ದೀಕ್ಷೆ ಪಡೆದವನು ಈ ಮಾತನ್ನು ಆಡುವಂತಿಲ್ಲ. ಅವನ ವಶದಲ್ಲಿರುವ ಮೂರೂ ಅವನಿಗೆ ಒಪ್ಪಿಸಿದ ನಡೆವಸ್ತುಗಳು. ಆದುದರಿಂದ ಯಾವ ಖರ್ಚಿನಲ್ಲಿಯೂ ಮೂರು ವಿಚಾರಗಳನ್ನು ಅವನು ಮಾಡತಕ್ಕುದು.

ಮೊದಲು, ಹಣವು ಎಲ್ಲಿಯದು? ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಪತ್ನಿ ಲಕ್ಕಮ್ಮನು ಅದನ್ನು ಮನೆಯೊಳಗೆ ಇಳಿಸಗೊಡದೆ ಹಿಂದಕ್ಕೆ ಕಳುಹಿಸಿದಳು. ದಾಸೋಹಕ್ಕೆಂದು ತಂದ ಅಕ್ಕಿಯನ್ನೇ ಅಳತೆ ಮೀರಿತೆಂದು ಮರಳಿಸಿದ ಮನೆತನ ನಮ್ಮದು. ಹಾಗಿರುವಾಗ ಕೂದಲಿಗಾಗಿ ಕಂತಿನ ಸಾಲವನ್ನು ಮಾಡುವುದನ್ನೂ, ಮಕ್ಕಳ ಓದಿನ ಹಣವನ್ನು ಮುರಿಯುವುದನ್ನೂ, ಹಸಿದು ಬಂದವನ ಪಾಲನ್ನು ಕತ್ತರಿಸುವುದನ್ನೂ ಒಪ್ಪುವುದೆಂತು? ಸತ್ಯಶುದ್ಧವಾದ ಕಾಯಕದಿಂದ ಬಂದು, ದಾಸೋಹಕ್ಕೆ ಸಲ್ಲಬೇಕಾದುದು ಸಂದು, ಸಂಸಾರದ ಅವಶ್ಯಕತೆಗಳು ಮುಗಿದು ಉಳಿದ ಹಣವಾದರೆ ಆಕ್ಷೇಪವಿಲ್ಲ. ಆ ತಾಯಿಯು ತನ್ನ ಹೊಲಿಗೆಯ ಸೂಜಿಯಿಂದ ಗಳಿಸಿದ್ದನ್ನು ವೈದ್ಯನ ಸೂಜಿಗೆ ಕೊಟ್ಟಳು. ಅದರಲ್ಲಿ ಯಾರ ಪಾಲೂ ಕಡಿಮೆಯಾಗಲಿಲ್ಲ.

ಎರಡನೆಯದಾಗಿ, ಇದರಲ್ಲಿ ಸುಳ್ಳಿದೆಯೇ? ಹೆಣ್ಣು ನೋಡಲು ಹೋಗುವ ಮೊದಲು ಬೋಳನ್ನು ಮುಚ್ಚಿ, ವಯಸ್ಸನ್ನು ಮರೆಸಿ, ಸಂಬಂಧವನ್ನು ಬೆಳೆಸುವುದು ವಂಚನೆ. ಚಿಕಿತ್ಸೆಯನ್ನು ಮಾಡಿಸಿಕೊಳ್ಳಲಿ, ಕೇಳಿದವರಿಗೆ ಇದ್ದದ್ದನ್ನು ಹೇಳಲಿ. ಸುಳ್ಳು ವೈದ್ಯನ ಕಡೆಯಲ್ಲಿಯೂ ಇರಬಹುದು. ಕೂದಲು ಬಂದೇ ತೀರುವುದೆಂದು ಹಲಗೆ ಹಾಕುವವನು ಕಾಯಕಜೀವಿಯಲ್ಲ, ವ್ಯಾಪಾರಿ. ನಿಜವಾದ ವೈದ್ಯನು ಮೊದಲು ಕಾರಣವನ್ನು ಹುಡುಕುತ್ತಾನೆ. ರಕ್ತಹೀನತೆ, ಥೈರಾಯ್ಡ್ ದೋಷ, ಪೋಷಣೆಯ ಕೊರತೆ, ಜಡೆಯನ್ನು ಬಿಗಿದು ಕಟ್ಟುವ ಅಭ್ಯಾಸ ಇವುಗಳಿಂದ ಉದುರುವ ಕೂದಲಿಗೆ ಆಯಾ ಕಾರಣವನ್ನು ಸರಿಪಡಿಸುವುದೇ ಮದ್ದು. ಟೈಫಾಯ್ಡ್, ಡೆಂಗಿ ಮೊದಲಾದ ಜ್ವರಗಳು ಬಿಟ್ಟ ಎರಡು ಮೂರು ತಿಂಗಳಿಗೆ ರಾಶಿಯಾಗಿ ಉದುರುವ ಕೂದಲೂ, ಬಾಣಂತಿಯರ ಕೂದಲೂ ಬಹುಮಟ್ಟಿಗೆ ತಾವಾಗಿಯೇ ಮರಳುತ್ತವೆ. ಅದಕ್ಕೆ ಬೇಕಾದುದು ತಾಳ್ಮೆ. ಪ್ಲೇಟ್‌ಲೆಟ್ ಕಡಿಮೆಯಿರುವವರು, ರಕ್ತವನ್ನು ತೆಳುಮಾಡುವ ಗುಳಿಗೆ ತೆಗೆದುಕೊಳ್ಳುವವರು, ತಲೆಯಲ್ಲಿ ಹುಣ್ಣು ಸೋಂಕು ಇರುವವರು ಮುಚ್ಚಿಡದೆ ಹೇಳಬೇಕು. ಸ್ಥಳದ ಶುಚಿತ್ವವನ್ನೂ ನೋಡಬೇಕು. ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ಪರವಾನಗಿಯಿಲ್ಲದ ಒಂದು ಸೌಂದರ್ಯಶಾಲೆಯಲ್ಲಿ ಮುಖದ ಕಾಂತಿಗಾಗಿ ಇದೇ ಪ್ಲಾಸ್ಮಾವನ್ನು ಚುಚ್ಚಿಸಿಕೊಂಡ ಕೆಲವು ಹೆಂಗಸರಿಗೆ 2018ರ ಸುಮಾರಿಗೆ ಎಚ್‌ಐವಿ ಸೋಂಕು ತಗುಲಿತೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರವು 2024ರಲ್ಲಿ ಪ್ರಕಟಿಸಿದೆ. ರಕ್ತದ ಕೆಲಸವನ್ನು ಬಲ್ಲ ವೈದ್ಯರಲ್ಲದೆ ಬೇರೆಯವರ ಕೈಗೆ ತಲೆಯನ್ನು ಕೊಡಬಾರದೆಂಬುದಕ್ಕೆ ಇಷ್ಟು ಸಾಕು.

ಮೂರನೆಯದಾಗಿ, ಮನಸ್ಸು ಎಲ್ಲಿದೆ? ಮಾಯೆಯನ್ನು ಹೊರಗಿನ ವಸ್ತುಗಳಲ್ಲಿ ಹುಡುಕಬಾರದು, ಅವುಗಳ ಕಡೆಗೆ ಚಾಚುವ ಬಯಕೆಯಲ್ಲಿ ಕಾಣಬೇಕೆಂಬುದು ಅಲ್ಲಮಪ್ರಭುಗಳ ಬೋಧೆಯ ಸಾರ. ಕೂದಲು ಮಾಯೆಯಲ್ಲ, ಕೂದಲಿಲ್ಲದೆ ನಾನಿಲ್ಲವೆಂಬ ಭಾವವು ಮಾಯೆ. ಇದನ್ನು ಅಳೆಯಲು ಮನೆಯಲ್ಲಿಯೇ ಒಂದು ತಕ್ಕಡಿ ಇದೆ. ಬೆಳಗಿನಲ್ಲಿ ಕನ್ನಡಿಯ ಮುಂದೆ ಕಳೆದ ಹೊತ್ತೆಷ್ಟು, ಕರಸ್ಥಲದ ಲಿಂಗದ ಮುಂದೆ ಕಳೆದ ಹೊತ್ತೆಷ್ಟು ಎಂದು ತಾನೇ ಲೆಕ್ಕ ಹಾಕಿಕೊಳ್ಳಲಿ. ಮೊದಲನೆಯದು ಎರಡನೆಯದನ್ನು ನುಂಗತೊಡಗಿದರೆ ಚಿಕಿತ್ಸೆಯನ್ನು ನಿಲ್ಲಿಸುವ ಕಾಲ ಬಂದಿತೆಂದು ತಿಳಿಯಬೇಕು. ನರೆತೆರೆಗಳು ಮುತ್ತಿ ಮೈ ಸೋಲುವುದಕ್ಕೆ ಮೊದಲೇ ಪೂಜಿಸಬೇಕೆಂದು ಬಸವಣ್ಣನವರು ಅವಸರಪಡಿಸಿದರು. ಮುಪ್ಪನ್ನು ಯಾವ ಸೂಜಿಯೂ ತಡೆಯಲಾರದು. ಮುಂದೂಡಿದ ಒಂದೆರಡು ವರ್ಷಗಳನ್ನು ಯಾವುದಕ್ಕೆ ಬಳಸುತ್ತೇವೆಂಬುದೇ ಮುಖ್ಯವಾದ ಮಾತು.

ಇಲ್ಲಿಯವರೆಗೆ ಚಿಕಿತ್ಸೆ ಪಡೆಯುವವರ ಕರ್ತವ್ಯವನ್ನು ಹೇಳಿದ್ದಾಯಿತು. ಉಳಿದವರ ಕರ್ತವ್ಯವನ್ನು ಹೇಳದಿದ್ದರೆ ವಿಚಾರವು ಅರ್ಧವಾಗುತ್ತದೆ. ಆ ತಾಯಿಯು ತಾನಾಗಿ ಸೂಜಿಗೆ ತಲೆಯೊಡ್ಡಲಿಲ್ಲ. ನಮ್ಮ ಮಾತುಗಳು ಅವಳನ್ನು ಅಲ್ಲಿಗೆ ಅಟ್ಟಿದವು. ಕೂದಲು ದಟ್ಟವಾಗಿದೆಯೇ ಎಂದು ಜಡೆಯನ್ನು ಹಿಡಿದು ನೋಡಿ ಸೊಸೆಯನ್ನು ಆರಿಸುವವರು ನಾವು. ನೆತ್ತಿ ಬರಿದಾದ ಹುಡುಗನನ್ನು ಅವನ ಶೀಲವನ್ನು ಕೇಳುವ ಮೊದಲೇ ಹಿಂದಕ್ಕೆ ಕಳುಹಿಸುವವರೂ ನಾವೇ. ಇಷ್ಟೆಲ್ಲ ಮಾಡಿದ ಮೇಲೆ, ಅವರು ಮದ್ದಿಗೆ ಹೋದರೆ ಮೋಹವೆಂದು ಉಪದೇಶಿಸುತ್ತೇವೆ. ಕುಲವನ್ನು ಕೇಳಬಾರದೆಂದು ಕಲಿಸಿದ ಶರಣರ ಅನುಯಾಯಿಗಳು ಕೂದಲನ್ನು ಎಣಿಸುವುದು ಹಾಸ್ಯಾಸ್ಪದ. ನಿಂದೆಯ ನುಡಿಯೂ ಹಿಂಸೆಯೇ. ದಯೆಯಿಲ್ಲದ ಕಡೆ ಧರ್ಮವು ನಿಲ್ಲದು.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನನ್ನ ತಲೆಯೂ ನಲವತ್ತರ ಸುಮಾರಿಗೇ ಬರಿದಾಯಿತು. ಅದರಿಂದ ನನಗೆ ಯಾವ ನಷ್ಟವೂ ಆಗಲಿಲ್ಲ. ಗಂಡಸು, ಮಠದ ಉಪಾಧ್ಯಾಯ, ಹೆಗಲ ಮೇಲೆ ಶಲ್ಯ. ಬೋಳುತಲೆಯು ನನಗೆ ಪಾಂಡಿತ್ಯದ ಗುರುತಾಗಿ ಒದಗಿತು. ಆ ನಿಶ್ಚಿಂತೆಯನ್ನು ನಾನು ವೈರಾಗ್ಯವೆಂದು ತಿಳಿದಿದ್ದೆನು. ಬೆಲೆಯನ್ನೇ ತೆರದೆ ಬಿಟ್ಟದ್ದನ್ನು ತ್ಯಾಗವೆಂದು ಕರೆಯಲಾಗದು. ತನಗೆ ನೋಯದ ಕಡೆಯಲ್ಲಿ ಇತರರಿಗೆ ತಿತಿಕ್ಷೆಯನ್ನು ಬೋಧಿಸುವುದು ಉಪಾಧ್ಯಾಯರಿಗೆ ಸುಲಭವಾಗಿ ಅಂಟುವ ರೋಗ. ಅದಕ್ಕೆ ಮದ್ದು ಯಾವ ನಳಿಗೆಯಲ್ಲಿಯೂ ಇಲ್ಲ.

ಮಹಾನವಮಿಯ ಹಿಂದುಮುಂದಿನಲ್ಲಿ ಆ ತಾಯಿಯ ಮನೆಗೆ ಹೋಗಿದ್ದೆನು. ಸಭೆಯಲ್ಲಿ ಆಡಿದ ಮಾತು ತಪ್ಪೆಂದು ಆಕೆಯ ಅತ್ತೆಯ ಎದುರಿನಲ್ಲಿಯೇ ಒಪ್ಪಿಕೊಂಡೆನು. ಆಕೆಯ ಪ್ರಶ್ನೆಗೆ ಹೀಗೆ ಹೇಳಿದೆನು: "ಲಿಂಗಕ್ಕೆ ಮುಚ್ಚಿಡಬೇಕಾದುದನ್ನು ಮಾಡಲೇಬಾರದು, ಮಾಡಬಹುದಾದುದನ್ನು ಮುಚ್ಚಿಡಬೇಕಾಗಿಲ್ಲ. ನೀನು ಮಾಡುತ್ತಿರುವುದು ಎರಡನೆಯದು. ನಾಳೆಯಿಂದ ಪೂಜೆಯಲ್ಲಿ ಕುಳಿತಾಗ ಈ ಆಸೆಯನ್ನೂ ಈ ಅಂಜಿಕೆಯನ್ನೂ ಲಿಂಗಕ್ಕೆ ಹೇಳು. ಹೇಳಿದ ಮೇಲೆ ಏನು ಬಂದರೂ ಅದು ಪ್ರಸಾದವಾಗುತ್ತದೆ." ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರನೆಯ ಸರದಿ ದೀಪಾವಳಿಯಾದ ಮೇಲೆ ಇದೆ. ಅಲ್ಲಿಗೆ ನಿಲ್ಲಿಸುತ್ತೇನೆ. ಬಂದರೆ ಬರಲಿ" ಎಂದಳು. ಅತ್ತೆ ಏನೂ ಮಾತನಾಡಲಿಲ್ಲ. ಆದರೆ ಎದ್ದು ಹೋಗಿ ಸೊಸೆಗೂ ನನಗೂ ತಾವೇ ಹಾಲನ್ನು ತಂದುಕೊಟ್ಟರು.

ಕೂದಲು ಬಂದಿತೇ ಎಂದು ನಾನು ಈವರೆಗೆ ಕೇಳಿಲ್ಲ, ಕೇಳುವುದೂ ಇಲ್ಲ. ಸೋಮವಾರದ ಪ್ರಾರ್ಥನೆಗೆ ಆಕೆ ಮಕ್ಕಳೊಡನೆ ಬರುತ್ತಿದ್ದಾಳೆ. ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾಳೆ. ನಮ್ಮ ಮಠಗಳಿಗೆ ಬರುವವರು ತಲೆಯ ಮೇಲೆ ಏನಿದೆ, ಏನಿಲ್ಲ ಎಂಬ ಚಿಂತೆಯನ್ನು ಬಾಗಿಲಲ್ಲಿಯೇ ಬಿಟ್ಟು ಒಳಗೆ ಬರುವಂತಾಗಲಿ. ಅದಕ್ಕೆ ತಕ್ಕ ನುಡಿಯೂ ನಡೆಯೂ ನಮ್ಮೆಲ್ಲರಲ್ಲಿ ಮೂಡಲೆಂದು ಬಸವಾದಿ ಪ್ರಮಥರನ್ನು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.